ಕರಡಿ ಕುಲಾವಿ: ನಮ್ಮೂರ ಚಳಿಗೆ ಒಂದು ಕ್ರೋಶಾ ಟೋಪಿ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಬೆಳಿಗ್ಗೆ ಸ್ಕೂಲ್ ವ್ಯಾನ್ ಕಾಯುವ ಮಕ್ಕಳೆಲ್ಲ ಒಂದೇ ತರ ಕಾಣುತ್ತಾರೆ. ಕೆಂಪು ಮೂಗು, ತಲೆಗೆ ಮಂಕಿ ಕ್ಯಾಪು. ಹೆಸರಿಗೆ ಮಂಕಿ, ಕಿವಿಯೂ ಇಲ್ಲ, ಬಾಲವೂ ಇಲ್ಲ. ಹೋದ ವರ್ಷ ನನ್ನ ಐದು ವರ್ಷದ ಮಗಳು ಅದನ್ನು ಹಾಕಿಕೊಳ್ಳಲ್ಲ ಅಂತ ಹಟ ಹಿಡಿದಳು. ಕಿವಿ ಇರುವ ಪ್ರಾಣಿ ಟೋಪಿ ಬೇಕಂತೆ.

ಮೊದಲು ಗೂಬೆ ಟೋಪಿ ಶುರು ಮಾಡಿದೆ. ದೊಡ್ಡ ಕಣ್ಣು, ಸಣ್ಣ ಕೊಕ್ಕು, ಹೆಣೆಯೋಕೆ ಬಲು ಸುಲಭ. ಅರ್ಧಕ್ಕೆ ಬಂದಾಗ ಅತ್ತೆ ನೋಡಿದರು. "ಏನಮ್ಮಾ ಇದು, ಮಗು ತಲೆ ಮೇಲೆ ಗೂಬೆ ಕೂರಿಸ್ತಿದೀಯಲ್ಲ!" ಅಂದರು. ಅಲ್ಲಿಗೆ ಗೂಬೆ ಕಥೆ ಮುಗಿಯಿತು, ಬಿಚ್ಚಿ ಉಂಡೆ ಸುತ್ತಿದೆ. ಆನೆ ಮಾಡಬಹುದಿತ್ತು. ಆದರೆ ನನ್ನ ತವರು ಸಕಲೇಶಪುರದ ಕಡೆ. ಅಲ್ಲಿ ಆನೆ ಅಂದರೆ ಯಾರಿಗೂ ನಗು ಬರಲ್ಲ. ಕೊನೆಗೆ ಮಗಳೇ ಕರಡಿ ಅಂದಳು.

ಕರಡಿ ಅಂದರೆ ಅಂಗಡಿಯ ಟೆಡ್ಡಿ ತರ ಕಂದು ಬಣ್ಣದ್ದಲ್ಲ. ನಮ್ಮ ಮುತ್ತೋಡಿ ಕಾಡಿನ ಕರಡಿ. ಮೈಯೆಲ್ಲ ಕಪ್ಪು, ಮೂತಿ ಮಾತ್ರ ಮಾಸಲು ಬಿಳಿ, ಎದೆ ಮೇಲೆ ವಿ ಆಕಾರದ ಬಿಳಿ ಗುರುತು. ಆ ವಿ ಗುರುತನ್ನೂ ಈ ಟೋಪಿಯಲ್ಲಿ ತರಬಹುದು, ಹೇಗೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಚಳಿ ಎಂಥದ್ದು

ಮೊಬೈಲಿನಲ್ಲಿ ಸಿಗುವ ಟೋಪಿ ನಮೂನೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ಊರಿನವು. ದಪ್ಪ ದಾರ, ಒಳಗೆಲ್ಲ ಅಸ್ತರ, ಮೇಲೊಂದು ದೊಡ್ಡ ಕುಚ್ಚು. ನಮ್ಮೂರು ಸಮುದ್ರ ಮಟ್ಟದಿಂದ 1,000 ಮೀಟರ್‌ಗೂ ಮೇಲಿದೆ ನಿಜ, ಆದರೆ ಚಳಿ ಬೆಳಿಗ್ಗೆ ಒಂಬತ್ತೂವರೆಯ ತನಕ. ಆಮೇಲೆ ಬಿಸಿಲು ಚುರುಕಾಗುತ್ತದೆ, ಮಗು ಟೋಪಿ ಕಿತ್ತು ಬ್ಯಾಗಿಗೆ ತುರುಕುತ್ತದೆ. ನಮಗೆ ಬೇಕಾಗಿರುವುದು ಇಬ್ಬನಿ ಮತ್ತು ಗಿರಿ ಕಡೆಯಿಂದ ಬೀಸುವ ಗಾಳಿಯನ್ನು ತಡೆಯುವ ಟೋಪಿ. ಅಂದರೆ ಕಿವಿ ಮತ್ತು ಹಣೆ ಬೆಚ್ಚಗಿರಬೇಕು, ನೆತ್ತಿ ಸ್ವಲ್ಪ ಉಸಿರಾಡಬೇಕು. ನೆತ್ತಿಗೂ ಅಸ್ತರ ಕೊಟ್ಟರೆ ಹತ್ತು ಗಂಟೆಗೆ ಎಣ್ಣೆ ಹಚ್ಚಿದ ತಲೆ ಬೆವರಿ ವಾಸನೆ ಬರುತ್ತೆ, ಅಷ್ಟೇ. ಹಾಗಾಗಿ ಈ ಟೋಪಿಗೆ ಕಿವಿ ಮುಚ್ಚುವ ಎರಡು ರೆಕ್ಕೆ ಇವೆ, ಅಸ್ತರ ಕೆಳಗಿನ ಪಟ್ಟಿಗೆ ಮತ್ತು ರೆಕ್ಕೆಗಳಿಗೆ ಮಾತ್ರ.

ದಾರ, ಕಡ್ಡಿ

ಎಂ.ಜಿ. ರಸ್ತೆ ಕಡೆಯ ಫ್ಯಾನ್ಸಿ ಸ್ಟೋರ್‌ಗಳಲ್ಲಿ 'ಉಲ್ಲನ್' ಅಂತ ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ವರ್ಧಮಾನ್, ಗಂಗಾ ತರದ ಕಂಪನಿಗಳ ಉಂಡೆಗಳು. ಅನುಮಾನ ಇದ್ದರೆ ಒಂದಿಂಚು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ. ಚುಚ್ಚಲ್ಲ, ಒಗೆಯೋದು ಸುಲಭ, ಬೇಗ ಒಣಗುತ್ತೆ. ನಾನು ಅದನ್ನೇ ಬಳಸಿದ್ದೇನೆ. ಆದರೆ ಒಂದು ಮಾತು. ನಮ್ಮ ಕಡೆ ಮಕ್ಕಳು ಬೆಳಿಗ್ಗೆ ಎದ್ದವರೇ ಬಚ್ಚಲ ಒಲೆ ಮುಂದೆ ಬೆಂಕಿ ಕಾಯಿಸುತ್ತಾ ಕೂರುತ್ತಾರೆ. ಕಿಡಿ ತಾಗಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆ ಹತ್ತಿರ ಈ ಟೋಪಿ ಬೇಡ. ಹಾಸನದ ಹೆಸರಿನಲ್ಲೇ ಒಂದು ಕುರಿ ತಳಿ ಇದೆಯಲ್ಲ, ಆ ಉಣ್ಣೆಯಲ್ಲಿ ಮಾಡಬಹುದಾ ಅಂತ ನನ್ನ ಗೆಳತಿಯೊಬ್ಬಳು ಕೇಳಿದ್ದಳು. ಅದು ಒರಟು ಉಣ್ಣೆ. ಕಂಬಳಿಗೆ ಸರಿ, ಮಗುವಿನ ಹಣೆಗೆ ಬೇಡ. ಉಣ್ಣೆಯೇ ಬೇಕು ಅನ್ನುವವರು ಮೆರಿನೊ ತರಿಸಿಕೊಳ್ಳಿ, ದುಡ್ಡು ಜಾಸ್ತಿ.

ಕಪ್ಪು ದಾರ 100 ಗ್ರಾಂ, ಕೆನೆ ಬಣ್ಣದ್ದು 25 ಗ್ರಾಂ ತನ್ನಿ. ಕಡಿಮೆ ಬಿದ್ದರೆ ಅನ್ನುವ ಭಯ ಇದ್ದರೆ ಕಪ್ಪು ಇನ್ನೊಂದು ಸಣ್ಣ ಉಂಡೆ ಈಗಲೇ ತೆಗೆದುಕೊಳ್ಳಿ. ಚೀಟಿ ಮೇಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಒಂದೇ ಇರಲಿ. ಕಪ್ಪಿನಲ್ಲೂ ಹತ್ತು ತರ ಕಪ್ಪು ಇರುತ್ತೆ, ಅದು ಬಿಸಿಲಿಗೆ ಹೋದಾಗಲೇ ಗೊತ್ತಾಗೋದು. ದಾರ ತೆಳ್ಳಗಿದ್ದರೆ ಎರಡು ಎಳೆ ಸೇರಿಸಿ ಹೆಣೆಯಿರಿ, ಆಗ ಅದೇ ಅಳತೆಗೆ ತೂಕ ಸ್ವಲ್ಪ ಹೆಚ್ಚು ಬೇಕಾಗಬಹುದು. ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿ 5 ಮಿ.ಮೀ. ಮತ್ತು 4 ಮಿ.ಮೀ. ಎರಡೂ ಬೇಕು. ಜೊತೆಗೆ ದೊಡ್ಡ ಕಣ್ಣಿನ ಸೂಜಿ, ಟೇಪು, ನಾಲ್ಕು ಸೇಫ್ಟಿ ಪಿನ್ನು, ಒಂದು ಪ್ರೆಸ್ ಬಟನ್, ಹಳೆಯ ಮೆತ್ತನೆ ಟೀ ಶರ್ಟ್ ಒಂದು.

ಕಪ್ಪು ದಾರದ ಕಷ್ಟ ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆ ಕಣ್ಣಿಗೆ ಕಾಣಲ್ಲ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಹೆಣೆದ ಎರಡು ಸುತ್ತನ್ನು ನಾನು ಬೆಳಿಗ್ಗೆ ಪೂರ್ತಿ ಬಿಚ್ಚಿದ್ದೇನೆ. ಹಗಲು ಹೊತ್ತು, ಕಿಟಕಿ ಪಕ್ಕ ಕೂತು ಮಾಡಿ. ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ. ಕಪ್ಪು ಹೊಲಿಗೆಯ ತೂತುಗಳಿಂದ ಬಿಳುಪು ಇಣುಕುತ್ತೆ, ಕಡ್ಡಿ ಎಲ್ಲಿ ತೂರಿಸಬೇಕು ಅಂತ ಗೊತ್ತಾಗುತ್ತೆ. ಇಷ್ಟು ಸಣ್ಣ ಉಪಾಯಕ್ಕೆ ನನಗೆ ಒಂದು ವಾರ ಬೇಕಾಯಿತು. ಹೊಸದಾಗಿ ಕಲಿಯುತ್ತಿರುವವರು ಕಾಫಿ ಪುಡಿ ಬಣ್ಣದ ಕಂದು ದಾರ ತಗೊಂಡರೂ ಕರಡಿಗೆ ಬೇಸರವಿಲ್ಲ.

ಹೊಲಿಗೆಯ ಹೆಸರಿನ ಗೊಂದಲ

ನನ್ನ ಮೊದಲ ಟೋಪಿ ಅಣ್ಣನ ಮಗನಿಗೆ. ಯಾರೋ ಕೊಟ್ಟ ಹಳೆಯ ಪುಸ್ತಕ ನೋಡಿಕೊಂಡು ಮಾಡಿದ್ದು. ಅದರಲ್ಲಿ ಡಬಲ್ ಕ್ರೋಶಾ ಅಂತಿತ್ತು, ನಾನು ಯೂಟ್ಯೂಬಿನಲ್ಲಿ ಕಲಿತ ಡಬಲ್ ಹಾಕುತ್ತಾ ಹೋದೆ. ಟೋಪಿ ಮಂಕರಿಯಷ್ಟು ದೊಡ್ಡದಾಯಿತು. ಈಗಲೂ ಅದು ನಮ್ಮಣ್ಣನ ಮನೆಯಲ್ಲಿ ಡಿಕಾಕ್ಷನ್ ಆರದ ಹಾಗೆ ಕಾಫಿ ಫಿಲ್ಟರ್ ಮೇಲೆ ಕೂರುತ್ತದೆ. ವಿಷಯ ಏನೆಂದರೆ ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕದ ಹಾಫ್ ಡಬಲ್ ಬ್ರಿಟಿಷರಿಗೆ ಹಾಫ್ ಟ್ರೆಬಲ್. ಯಾವುದೇ ನಮೂನೆ ಹಿಡಿಯುವ ಮೊದಲು ಅದು ಯಾರ ಲೆಕ್ಕದ್ದು ಅಂತ ನೋಡಿಕೊಳ್ಳಿ. ಇಲ್ಲಿ ನಾನು ಹೇಳುವುದು ಅಮೆರಿಕದ ಲೆಕ್ಕ.

ಟೋಪಿಗೆ ಬೇಕಾದ್ದು ಹಾಫ್ ಡಬಲ್. ಕಡ್ಡಿಗೆ ದಾರ ಒಂದು ಸುತ್ತು ಹಾಕಿ, ಹೊಲಿಗೆಯೊಳಗೆ ತೂರಿಸಿ, ದಾರ ಹಿಡಿದು ಈಚೆ ಎಳೆಯಿರಿ. ಈಗ ಕಡ್ಡಿ ಮೇಲೆ ಮೂರು ಕುಣಿಕೆ ಇವೆ. ಮತ್ತೆ ದಾರ ಹಿಡಿದು ಮೂರರೊಳಗಿಂದಲೂ ಒಂದೇ ಸಲ ಎಳೆದುಬಿಡಿ. ಅಷ್ಟೇ. ಡಬಲ್‌ಗಿಂತ ಗಿಡ್ಡ, ತೂತು ಕಡಿಮೆ. ಸಿಂಗಲ್‌ಗಿಂತ ಮೆತ್ತಗೆ, ಎಳೆದರೆ ಹಿಗ್ಗುತ್ತದೆ. ಕಿವಿ, ಮೂತಿಗೆ ಸಿಂಗಲ್ ಸಾಕು. ಅಲ್ಲಿ ದಾರ ಸುತ್ತದೆ ಕಡ್ಡಿ ತೂರಿಸಿ ಎಳೆದು, ಎರಡು ಕುಣಿಕೆಯಿಂದ ಒಟ್ಟಿಗೆ ಹೊರಗೆ ತರೋದು.

ತಲೆ ಅಳತೆ

ಹುಬ್ಬಿನ ಸ್ವಲ್ಪ ಮೇಲಿಂದ, ಹಿಂದಲೆಯ ಉಬ್ಬಿನ ಮೇಲೆ ಹಾದುಹೋಗುವಂತೆ ಟೇಪು ಸುತ್ತಿ. ಐದು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ 50 ಸೆಂ.ಮೀ. ಆಸುಪಾಸು ಬರುತ್ತದೆ. ಹೆಣ್ಣುಮಕ್ಕಳಿಗೆ ಸ್ಕೂಲಿಗೆ ಹೋಗುವ ಹಾಗೆ ಜುಟ್ಟು ಹಾಕಿಯೇ ಅಳತೆ ತೆಗೆಯಿರಿ. ನನ್ನ ಮಗಳಿಗೆ ನಾನು ಭಾನುವಾರ ಕೂದಲು ಬಿಚ್ಚಿದ್ದಾಗ ಅಳೆದೆ. ಸೋಮವಾರ ಎರಡು ಜುಟ್ಟಿನ ಮೇಲೆ ಟೋಪಿ ಕೂತು, ಕಿವಿ ರೆಕ್ಕೆ ಕೆನ್ನೆವರೆಗೂ ಬರದೆ ಮೇಲೆಯೇ ನಿಂತುಬಿಟ್ಟಿತ್ತು. ಎರಡು ಸುತ್ತು ಮತ್ತೆ ಸೇರಿಸಬೇಕಾಯಿತು.

ಹೆಣಿಗೆ ಹಿಗ್ಗುವುದರಿಂದ ಟೋಪಿ ತಲೆಗಿಂತ 2 ಸೆಂ.ಮೀ. ಚಿಕ್ಕದಿರಬೇಕು. 50 ತಲೆಗೆ 48. ಅದನ್ನು 3.14ರಿಂದ ಭಾಗಿಸಿದರೆ 15.3. ಈ 15.3 ಸೆಂ.ಮೀ. ಅನ್ನುವ ಸಂಖ್ಯೆಯೇ ಟೋಪಿಯ ಜುಟ್ಟು ಇದ್ದ ಹಾಗೆ. ನೆತ್ತಿಯ ಬಿಲ್ಲೆ ಅಷ್ಟು ಅಗಲ ಆಗುವ ತನಕ ಹೊಲಿಗೆ ಹೆಚ್ಚಿಸುತ್ತಾ ಹೋಗಬೇಕು, ಆದ ಮೇಲೆ ನಿಲ್ಲಿಸಬೇಕು. ಯಾರ ದಾರ, ಯಾರ ಕೈ ಬಿಗಿ ಅನ್ನುವುದರ ಮೇಲೆ ಸುತ್ತಿನ ಲೆಕ್ಕ ಬದಲಾಗುತ್ತದೆ, ಸೆಂಟಿಮೀಟರ್ ಬದಲಾಗಲ್ಲ. ನಾನು ಕೊಡುವ ಸಂಖ್ಯೆಗಳು 10 ಸೆಂ.ಮೀ. ಅಗಲಕ್ಕೆ 13ರಿಂದ 14 ಹಾಫ್ ಡಬಲ್ ಬರುವ ಕೈಗೆ ಸರಿಯಾದವು.

ನೆತ್ತಿಯ ಬಿಲ್ಲೆ

5 ಮಿ.ಮೀ. ಕಡ್ಡಿ, ಕಪ್ಪು ದಾರ. ಮ್ಯಾಜಿಕ್ ರಿಂಗ್ ಮಾಡಿ. ಅಂದರೆ ಬೆರಳಿಗೆ ದಾರ ಸಡಿಲವಾಗಿ ಸುತ್ತಿ ಉಂಗುರ ಮಾಡಿ, ಅದರೊಳಗೆ 8 ಹಾಫ್ ಡಬಲ್ ಹಾಕಿ, ಬಾಲ ಎಳೆದು ತೂತು ಮುಚ್ಚುವುದು. ಇದು ಬರದವರು 4 ಚೈನ್ (ದಾರ ಹಿಡಿದು ಕಡ್ಡಿ ಮೇಲಿನ ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್) ಹಾಕಿ ಸೇರಿಸಿ ಅದರೊಳಗೆ ಹೆಣೆದರೂ ನಡೆಯುತ್ತೆ, ನಡುವೆ ಸಣ್ಣ ತೂತು ಉಳಿಯುತ್ತೆ ಅಷ್ಟೇ.

ಸುತ್ತು ಮುಗಿದಾಗ ಜೋಡಿಸಬೇಡಿ, ಶಂಖದ ಹಾಗೆ ಸುತ್ತುತ್ತಲೇ ಹೋಗಿ. ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಸೇಫ್ಟಿ ಪಿನ್ನು ಹಾಕಿ. ಕಪ್ಪಿನಲ್ಲಿ ಪಿನ್ನಿಲ್ಲದಿದ್ದರೆ ದೇವರೇ ಗತಿ.

ಎರಡನೇ ಸುತ್ತಿನಲ್ಲಿ ಪ್ರತಿ ಹೊಲಿಗೆಯೊಳಗೂ ಎರಡೆರಡು ಹಾಕಿ, 16 ಆಗುತ್ತದೆ. ಮೂರನೆಯದರಲ್ಲಿ ಒಂದು ಸಾದಾ, ಮುಂದಿನದರಲ್ಲಿ ಎರಡು, ಹೀಗೆ ಸುತ್ತಿದರೆ 24. ನಾಲ್ಕನೆಯದರಲ್ಲಿ ಎರಡು ಸಾದಾ, ಆಮೇಲೆ ಜೋಡಿ (ಒಂದೇ ಹೊಲಿಗೆಯೊಳಗೆ ಎರಡು), 32. ಹೀಗೆ ಸುತ್ತಿಗೊಂದು ಸಾದಾ ಹೊಲಿಗೆ ಹೆಚ್ಚುತ್ತದೆ, ಒಟ್ಟು 8 ಏರುತ್ತದೆ. ಎಂಟನೇ ಸುತ್ತಿನಲ್ಲಿ ಆರು ಸಾದಾ, ಒಂದು ಜೋಡಿ. ಅಲ್ಲಿಗೆ 64 ಹೊಲಿಗೆ, ಬಿಲ್ಲೆ ಸುಮಾರು 15 ಸೆಂ.ಮೀ.

ಜೋಡಿಗಳು ಒಂದರ ಮೇಲೊಂದು ಬಂದರೆ ಬಿಲ್ಲೆ ದುಂಡಗಾಗದೆ ಎಂಟು ಮೂಲೆಯ ತಟ್ಟೆಯಾಗುತ್ತದೆ. ಅದಕ್ಕೆ ಆರನೇ, ಎಂಟನೇ ಸುತ್ತುಗಳಲ್ಲಿ ಶುರುವಿನಲ್ಲಿ ಅರ್ಧ ಸಾದಾ ಹೊಲಿಗೆ ಮಾತ್ರ ಹಾಕಿ ಜೋಡಿ ಮಾಡಿ, ಉಳಿದ ಅರ್ಧ ಕೊನೆಯಲ್ಲಿ ಬರಲಿ. ಎಣಿಕೆ ಅದೇ, ಮೂಲೆ ಮಾಯ.

ನಡುನಡುವೆ ಬಿಲ್ಲೆಯನ್ನು ಮೇಜಿನ ಮೇಲೆ ಇಟ್ಟು ನೋಡಿ. ಅಕ್ಕಿ ರೊಟ್ಟಿ ಹಾಗೆ ಚಪ್ಪಟೆಯಾಗಿ ಮಲಗಿದರೆ ಸರಿ. ಬಟ್ಟಲಿನ ಹಾಗೆ ಮೇಲೆದ್ದರೆ ಎಲ್ಲೋ ಜೋಡಿ ತಪ್ಪಿದೆ, ಇಲ್ಲವೇ ಕೈ ಬಿಗಿಯಾಗಿದೆ. ಕರಿದ ಹಪ್ಪಳದ ಹಾಗೆ ಅಂಚು ಸೊಟ್ಟಗಾದರೆ ಹೊಲಿಗೆ ಜಾಸ್ತಿಯಾಗಿದೆ. ಎರಡಕ್ಕೂ ಮದ್ದು ಬಿಚ್ಚುವುದೇ. ಮುಂದೆ ಸರಿಹೋಗುತ್ತೆ ಅಂತ ಸುಮ್ನೆ ಮುಂದುವರಿಸಬೇಡಿ, ಹೋಗಲ್ಲ.

ಚಿಕ್ಕ ಮಗುವಿಗೆ ಏಳು ಸುತ್ತು ಸಣ್ಣದು, ಎಂಟು ದೊಡ್ಡದು ಅನ್ನಿಸಿದರೆ ಎಂಟನೇ ಸುತ್ತಿನಲ್ಲಿ ಎಂಟರ ಬದಲು ನಾಲ್ಕೇ ಜೋಡಿ ಹಾಕಿ. 60 ಹೊಲಿಗೆ ಆಗುತ್ತದೆ. ಎಂಟು ಹತ್ತು ವರ್ಷದವರಿಗೆ ಒಂಬತ್ತನೇ ಸುತ್ತಿನಲ್ಲಿ ನಾಲ್ಕು ಜೋಡಿ ಸೇರಿಸಿ 68 ಮಾಡಿ.

ಗೋಡೆ ಮತ್ತು ಕಿವಿ ರೆಕ್ಕೆ

ಇನ್ನು ಏರಿಸುವುದಿಲ್ಲ. 64 ಹೊಲಿಗೆಯನ್ನೇ ಸಾದಾ ಹೆಣೆಯುತ್ತಾ 12 ಸುತ್ತು ಹೋಗಿ. ನೆತ್ತಿ ನಡುವಿನಿಂದ ಅಂಚಿನವರೆಗೆ 19 ಸೆಂ.ಮೀ. ಬರಬೇಕು. ಈ ಭಾಗ ಯಾವ ಯೋಚನೆಯೂ ಬೇಡದ್ದು, ಟಿವಿ ನೋಡುತ್ತಾ ಮಾಡಬಹುದು. ಕೊನೆಯಲ್ಲಿ ಒಂದು ಸಿಂಗಲ್, ಒಂದು ಸ್ಲಿಪ್ ಸ್ಟಿಚ್ (ಕಡ್ಡಿ ತೂರಿಸಿ ದಾರ ಹಿಡಿದು, ಹೊಲಿಗೆ ಮತ್ತು ಕುಣಿಕೆ ಎರಡರಿಂದಲೂ ಒಂದೇ ಸಲ ಎಳೆಯೋದು) ಹಾಕಿ ದಾರ ಕತ್ತರಿಸಿ. ಆಗ ಸುತ್ತಿನ ಮೆಟ್ಟಿಲು ಕಾಣಲ್ಲ. ಆ ಮೆಟ್ಟಿಲು ಇದ್ದ ಜಾಗ ಹಿಂದಲೆಯ ನಡುವೆ ಬರಲಿ.

ಅಲ್ಲಿಂದ 9 ಹೊಲಿಗೆ ಬಿಟ್ಟು ಪಿನ್ನು ಹಾಕಿ. ಮುಂದಿನ 12 ಒಂದು ರೆಕ್ಕೆಗೆ. ಆಮೇಲೆ ಹಣೆಗೆ 22 ಬಿಡಿ, ಮತ್ತೆ 12 ಇನ್ನೊಂದು ರೆಕ್ಕೆಗೆ, ಉಳಿದದ್ದು 9. ಹಿಂದೆ 18, ಮುಂದೆ 22 ಆಯಿತು. ಹಣೆ ಕಡೆ ಜಾಸ್ತಿ ಬಿಡದಿದ್ದರೆ ರೆಕ್ಕೆ ಕಣ್ಣಿನ ಪಕ್ಕಕ್ಕೆ ಬಂದು ಕುದುರೆ ಕಣ್ಣಿಗೆ ಪಟ್ಟಿ ಕಟ್ಟಿದ ಹಾಗಾಗುತ್ತದೆ.

ಪ್ರತಿ ರೆಕ್ಕೆಗೂ 12 ಹೊಲಿಗೆಯ ಎರಡು ಸಾಲು ಹೋಗಿ ಬನ್ನಿ, ತಿರುಗುವಾಗ ಒಂದು ಚೈನ್. ಮೂರನೇ ಸಾಲಿನಿಂದ ಎರಡೂ ತುದಿಯಲ್ಲಿ ಎರಡು ಹೊಲಿಗೆಯನ್ನು ಒಂದಾಗಿ ಕೂಡಿಸಿ. ಸಾಲಿಗೆ 10, 8, 6, 4 ಆಗಿ ನಿಲ್ಲುತ್ತದೆ. ಮಗುವಿನ ತಲೆಗೆ ಹಾಕಿ ನೋಡಿ. ರೆಕ್ಕೆ ಕಿವಿಯ ಹಾಲೆಗಿಂತ ಎರಡು ಬೆರಳು ಕೆಳಗೆ ಇಳಿದಿರಬೇಕು.

ಈಗ ಕೆನೆ ದಾರ. ಟೋಪಿಯ ಇಡೀ ಅಂಚಿಗೆ, ರೆಕ್ಕೆಗಳೂ ಸೇರಿ, ಒಂದು ಸುತ್ತು ಸಿಂಗಲ್ ಹಾಕಿ. ಎಡ ರೆಕ್ಕೆಯ ತುದಿಗೆ ಬಂದಾಗ 22 ಚೈನ್ ಹಾಕಿ, ಅದರ ಮೇಲೆ ಹಾಫ್ ಡಬಲ್ ಹೆಣೆಯುತ್ತಾ ವಾಪಸ್ ಬಂದು ಅಂಚು ಮುಂದುವರಿಸಿ. ಇದು ಗಲ್ಲದ ಕೆಳಗೆ ಹಾಯುವ ಪಟ್ಟಿ. ಅದರ ತುದಿಗೂ ಬಲ ರೆಕ್ಕೆಗೂ ಪ್ರೆಸ್ ಬಟನ್ ಹೊಲಿಯಿರಿ. ಪಟ್ಟಿ ಕಟ್ಟಿದಾಗ ಎರಡು ಬಿಳಿ ಅಂಚು ಗಲ್ಲದ ಕೆಳಗೆ ಕೂಡುತ್ತವೆ. ಅದೇ ನಮ್ಮ ಕರಡಿಯ ಎದೆಯ ವಿ.

ಎರಡು ಕಡೆ ಉದ್ದದ ಲಾಡಿ ಬಿಟ್ಟು ಗಂಟು ಹಾಕುವ ಟೋಪಿಗಳು ನೋಡೋಕೆ ಚೆಂದ. ನಾನು ಮಾಡಲ್ಲ. ವ್ಯಾನಿನ ಬಾಗಿಲಿಗೋ ಜಾರುಬಂಡೆಗೋ ಲಾಡಿ ಸಿಕ್ಕಿಕೊಂಡರೆ ಕುತ್ತಿಗೆಗೇ ಬಿಗಿಯುತ್ತದೆ. ಪ್ರೆಸ್ ಬಟನ್ ಆದರೆ ಎಳೆದ ತಕ್ಷಣ ಬಿಟ್ಟುಕೊಳ್ಳುತ್ತೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪಟ್ಟಿಯೂ ಬೇಡ, ಬಟನ್ನೂ ಬೇಡ. ಮಲಗಿಸುವಾಗ ಟೋಪಿ ತೆಗೆದುಬಿಡಿ.

ಕಿವಿ, ಮೂತಿ, ಕಣ್ಣು

4 ಮಿ.ಮೀ. ಕಡ್ಡಿಗೆ ಬದಲಾಯಿಸಿ. ಕಿವಿಗೆ ಕಪ್ಪು ದಾರದಲ್ಲಿ ರಿಂಗಿಗೆ 6 ಸಿಂಗಲ್, ಮುಂದಿನ ಸುತ್ತು 12, ಅದರ ಮುಂದಿನದು 18. ಆಮೇಲೆ 18ರಲ್ಲೇ ಮೂರು ಸುತ್ತು. ಸಣ್ಣ ಬಟ್ಟಲಿನಂತಾಗುತ್ತದೆ. ಹತ್ತಿ ತುಂಬಬೇಡಿ, ಹಾಗೇ ಒತ್ತಿ ಚಪ್ಪಟೆ ಮಾಡಿ. ಇಂಥವು ಎರಡು. ಹೊಲಿಯೋಕೆ ಒಂದು ಗೇಣು ಬಾಲ ಬಿಟ್ಟು ಕತ್ತರಿಸಿ. ಕರಡಿ ಕಿವಿ ನಿಜಕ್ಕೂ ಕೆದರಿದ ಕೂದಲಿನದು. ಬೇಕಿದ್ದರೆ ಅಂಚಿಗೆ ಬೆರಳುದ್ದದ ದಾರದ ತುಂಡುಗಳನ್ನು ಗಂಟು ಹಾಕಿ, ಬಾಚಣಿಗೆಯಲ್ಲಿ ಎಳೆ ಬಿಡಿಸಿ. ನನ್ನ ಮಗಳಿಗೆ ಇಡೀ ಟೋಪಿಯಲ್ಲಿ ಇಷ್ಟವಾದದ್ದು ಇದೊಂದೇ.

ಮೂತಿಗೆ ಕೆನೆ ದಾರದಲ್ಲಿ 6, 12, 18, 24, ನಾಲ್ಕೇ ಸುತ್ತು. ಅದರ ಮೇಲ್ಭಾಗದಲ್ಲಿ ಕಪ್ಪು ದಾರದಿಂದ ಅಗಲವಾದ ಮೂಗು ತುಂಬಿ ಕಸೂತಿ ಮಾಡಿ, ಕೆಳಗೊಂದು ಗೀಟು. ಕಣ್ಣಿಗೆ ಕಪ್ಪು ಮೇಲೆ ಕಪ್ಪು ಕಾಣಲ್ಲವಲ್ಲ, ಅದಕ್ಕೆ ಕೆನೆ ದಾರದಲ್ಲಿ 6 ಸಿಂಗಲ್‌ನ ಪುಟ್ಟ ಬಿಲ್ಲೆ ಮಾಡಿ ನಡುವೆ ಕಪ್ಪು ಗಂಟು ಹಾಕಿದೆ. ಅಂಗಡಿಯ ಪ್ಲಾಸ್ಟಿಕ್ ಕಣ್ಣು ಹೊಳೆಯುತ್ತೆ ನಿಜ, ಆದರೆ ಪುಟ್ಟ ಮಕ್ಕಳು ಕಿತ್ತು ಬಾಯಿಗೆ ಹಾಕುತ್ತಾರೆ.

ಹೊಲಿಯುವ ಮೊದಲು ಟೋಪಿಯನ್ನು ಬೋರಲು ಹಾಕಿದ ಪಾತ್ರೆಗೆ ತೊಡಿಸಿ. ನಮ್ಮನೆಯ ಎರಡು ಲೀಟರಿನ ಹಾಲಿನ ಪಾತ್ರೆ ಮಗಳ ತಲೆಗೆ ಸರಿಸಮ. ಕಿವಿಗಳನ್ನು ಐದನೇ ಸುತ್ತಿನಿಂದ ಒಂಬತ್ತನೇ ಸುತ್ತಿನ ನಡುವೆ ಓರೆಯಾಗಿ ಇಟ್ಟು ಪಿನ್ನು ಚುಚ್ಚಿ, ನಡುವೆ ನಾಲ್ಕು ಬೆರಳು ಅಂತರ. ತುಂಬ ಮೇಲಿಟ್ಟರೆ ಬೆಕ್ಕಾಗುತ್ತೆ, ತುಂಬ ಕೆಳಗಿಟ್ಟರೆ ಕೋತಿ. ಮೂತಿ ಅಂಚಿನಿಂದ ಎರಡು ಸುತ್ತು ಮೇಲೆ. ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ, ಒಪ್ಪಿಗೆಯಾದ ಮೇಲೆ ಹೊಲಿಯಿರಿ. ದಾರದ ಬಾಲಗಳನ್ನು ಒಂದು ದಿಕ್ಕಿಗೆ ಹಾಯಿಸಿ, ಮತ್ತೆ ಎದುರು ದಿಕ್ಕಿಗೆ ತಂದು ಕತ್ತರಿಸಿ. ಮ್ಯಾಜಿಕ್ ರಿಂಗಿನ ಬಾಲಕ್ಕಂತೂ ಇದು ತಪ್ಪಬಾರದು, ಇಲ್ಲದಿದ್ದರೆ ಮೂರನೇ ಒಗೆತಕ್ಕೆ ನೆತ್ತಿ ಬಾಯಿ ಬಿಡುತ್ತದೆ.

ಅಸ್ತರದ ಪಟ್ಟಿ

ಕ್ರೋಶಾದಲ್ಲಿ ಎಷ್ಟು ಬಿಗಿ ಹೆಣೆದರೂ ಸಣ್ಣ ತೂತು ಇದ್ದೇ ಇರುತ್ತೆ, ಗಾಳಿ ನುಗ್ಗುತ್ತೆ. ಹಳೆ ಟೀ ಶರ್ಟಿನಿಂದ 50 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ಬಟ್ಟೆ ಯಾವ ಕಡೆಗೆ ಹಿಗ್ಗುತ್ತದೋ ಆ ಕಡೆ ಉದ್ದಕ್ಕೆ ಬರಬೇಕು. ಮೊದಲ ಸಲ ನಾನು ಅತ್ತೆಯ ಹಳೆ ಕಾಟನ್ ಸೀರೆ ತುಂಡು ಹಾಕಿದ್ದೆ. ಮೆತ್ತಗೆ ಚೆನ್ನಾಗಿಯೇ ಇತ್ತು, ಆದರೆ ಸೀರೆ ಬಟ್ಟೆ ಹಿಗ್ಗಲ್ಲವಲ್ಲ, ಟೋಪಿ ತಲೆಗೇ ಇಳಿಯಲಿಲ್ಲ. ಪಟ್ಟಿಯ ತುದಿಗಳನ್ನು ಜೋಡಿಸಿ, ಅಂಚು ಮಡಚಿ, ಟೋಪಿಯ ಒಳಗೆ ಕೆಳಗಿನ 6 ಸೆಂ.ಮೀ.ಗೆ ಸಡಿಲ ಕೈಹೊಲಿಗೆ ಹಾಕಿ. ರೆಕ್ಕೆಗಳಿಗೂ ಅದೇ ಆಕಾರದ ತುಂಡು. ದಾರ ಎಳೆದು ಬಿಗಿ ಮಾಡಬೇಡಿ, ಹೊಲಿಗೆಯೂ ಟೋಪಿ ಜೊತೆ ಹಿಗ್ಗಬೇಕು.

ಒಗೆಯುವಾಗ ಉಗುರು ಬೆಚ್ಚಗಿನ ನೀರು, ಸ್ವಲ್ಪ ಶಾಂಪೂ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ಕರಡಿ ಕಿವಿ ಮೊಲದ ಕಿವಿ ಆಗುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಪೂರ್ತಿ ಒಣಗಿದೆಯಾ ಅಂತ ಅಸ್ತರ ಮುಟ್ಟಿ ನೋಡಿ. ನಮ್ಮ ಮಲೆನಾಡಿನ ಜುಲೈನಲ್ಲಿ ಬೂಷ್ಟು ಹಿಡಿಯೋದು ಹತ್ತಿ ಬಟ್ಟೆಗೇ ಮೊದಲು.

ಮಿಕ್ಕ ಕಪ್ಪು ದಾರವನ್ನು ಟೋಪಿ ಜೊತೆಗೇ ಕವರಿಗೆ ಹಾಕಿಡಿ. ಬರುವ ವರ್ಷ ಟೋಪಿ ಮೇಲೇರಿದರೆ ಅಸ್ತರ, ಕೆನೆ ಅಂಚು, ರೆಕ್ಕೆ ಮಾತ್ರ ಬಿಚ್ಚಿ, ಗೋಡೆಗೆ ಎರಡು ಸುತ್ತು ಸೇರಿಸಿ ಮತ್ತೆ ರೆಕ್ಕೆ ಹಾಕಿದರಾಯಿತು. ನಾನು ಮೊನ್ನೆ ಅದನ್ನೇ ಮಾಡಿದೆ. ಒಂದು ಮಧ್ಯಾಹ್ನದ ಕೆಲಸ.